ಎಡಗೈ ಮಸೆತ

ನಾವು ಜೈನರು. ಜೀವ ಹೋದ ಕೂಡಲೇ ಇನ್ನೊಂದು ಜನ್ಮ ಸೇರುತ್ತದೆ ಎಂದು ನಂಬಿದವರು. ದೆವ್ವಕ್ಕೆ ನಮ್ಮ ಮನೆಯಲ್ಲಿ ಜಾಗವಿಲ್ಲ. ಆದರೂ ಆದದ್ದನ್ನು ಹೇಳುತ್ತೇನೆ.

ಚತುರ್ದಶಿಯ ದಿನ ನಾವು ಕಾಯಿಪಲ್ಲೆ ಹೆಚ್ಚುವುದಿಲ್ಲ. ನಮ್ಮ ಅತ್ತೆ ಕಾಶಿಬಾಯಿ ಆ ಮಧ್ಯಾಹ್ನ ಹಿತ್ತಲಲ್ಲಿ ಕೂತು, ಕಲ್ಲಿಗೆ ನೀರು ಚಿಮುಕಿಸಿ, "ಇವತ್ತ ಈಳಗಿಗೂ ಸೂಟಿ ಐತಿ" ಎನ್ನುತ್ತ ಎಡಗೈಯಿಂದ ಈಳಿಗೆ ಮಸೆಯುತ್ತಿದ್ದರು. ಮೂರು ಎಳೆತ, ಒಂದು ಬಿಡುವು. ಅದು ಅವರ ರೂಢಿ.

೧೯೮೮ರಲ್ಲಿ ಅವರು ತೀರಿಕೊಂಡರು. ಅವರ ಮಗ, ನಮ್ಮ ಮನೆಯವರು, ಸಕ್ಕರೆ ಕಾರ್ಖಾನೆಯ ಹಂಗಾಮಿಗೆ ಹೋದರೆ ಅಲಖನೂರಿನ ಮನೆಯಲ್ಲಿ ವಾರಗಟ್ಟಲೆ ನಾನೊಬ್ಬಳೇ. ನನಗೆ ಮಸೆಯಲು ಬರುತ್ತಿರಲಿಲ್ಲ. ಮೊಂಡು ಈಳಿಗೆ ಸೌತೆಕಾಯಿಯನ್ನೂ ಜಜ್ಜುತ್ತಿತ್ತು.

ಒಂದು ಚತುರ್ದಶಿ ನಾನು ಒಳಗೆ ಅಕ್ಕಿ ಆರಿಸುತ್ತಿದ್ದಾಗ ನೆರೆಮನೆಯ ತಾರಾಬಾಯಿ ಗೋಡೆಯಾಚೆಯಿಂದ ಕೂಗಿದರು: "ರಾಜಮತಿ, ಮಸಿಯಾಕ ಕಲ್ತಿ ಬಿಡವಾ! ಥೇಟ್ ನಿಮ್ಮತ್ತಿ ಮಸದಂಗ ಐತಿ."

ಕಿವಿಗೊಟ್ಟೆ. ಮೂರು ಎಳೆತ, ಒಂದು ಬಿಡುವು.

ಹಿತ್ತಲಲ್ಲಿ ಯಾರೂ ಇರಲಿಲ್ಲ. ಸುಡುವ ಬಿಸಿಲಲ್ಲೂ ಕಲ್ಲು ಒದ್ದೆಯಾಗಿ ತಣ್ಣಗಿತ್ತು. ಪಕ್ಕದಲ್ಲಿದ್ದ ಈಳಿಗೆಯ ಎಡಮಗ್ಗುಲು, ಅವರು ಮಸೆದಾಗಿನಂತೆಯೇ, ಹೊಳೆಯುತ್ತಿತ್ತು. ನನಗೆ ಹೆದರಿಕೆಯಾಗಲಿಲ್ಲ. "ಅತ್ತೀ, ಚಾ ಇಡ್ಲೇನ್ರಿ?" ಎಂದೆ. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ನನ್ನ ದನಿ ನನಗೇ ಕೇಳಿಸಿತು.

ಆಮೇಲೆ ನಾನೊಬ್ಬಳೇ ಇದ್ದ ಪ್ರತಿ ಚತುರ್ದಶಿಯೂ ಹಾಗೇ. ಮನೆಯವರು ಇದ್ದ ದಿನ ಮಾತ್ರ ಎಂದೂ ಸದ್ದು ಬಂದಿಲ್ಲ.

ಇವತ್ತು ಚತುರ್ದಶಿ. ಊಟ ಮಾಡಿ ಮನೆಯವರು ಪಡಸಾಲೆಯಲ್ಲಿ ಮಲಗಿದ್ದಾರೆ. ಹಿತ್ತಲಲ್ಲಿ ಆಗಿನಿಂದ ಮಸೆಯುವ ಸದ್ದು ಬರುತ್ತಿದೆ. ಅವರನ್ನು ಎಬ್ಬಿಸಲು ನನಗೆ ಧೈರ್ಯವಾಗುತ್ತಿಲ್ಲ.