ಸೋರೆಬುರುಡೆಯೊಳಗಿನ ಊರಮಾತು

ಬೆಟ್ಟಗಳಿಗೂ ಕಿವಿ ಕೇಳಿಸುತ್ತಿದ್ದ ಕಾಲದಲ್ಲಿ ಮಿಂಚುಕೋಟೆ ಅಂತ ಒಂದು ರಾಜ್ಯವಿತ್ತು. ಅಲ್ಲಿ ಸೂಜಿ, ದಾರ, ಬಾಚಣಿಗೆ ಮಾರುತ್ತ ಊರೂರು ಅಲೆಯುವ ಸಣ್ಣೀರ ಅನ್ನುವವನೊಬ್ಬನಿದ್ದ.

ಒಂದು ಸಲ ಅವನು ಮೂರು ತಿಂಗಳ ತಿರುಗಾಟ ಮುಗಿಸಿ ಬಂದರೆ ಊರಿಗೆ ಊರೇ ಮೂಕ! ಬಾವಿಕಟ್ಟೆಯಲ್ಲಿ ಹರಟೆಯಿಲ್ಲ, ಸಂತೆಯಲ್ಲಿ ಕೂಗಿಲ್ಲ. ಹೆಂಡತಿ ಹೊನ್ನಿ ಬಾಯಿ ತೆರೆದರೆ ಬರೀ ಗಾಳಿ ಬಂತು. ಕಣ್ಣೀರು ಒರೆಸಿಕೊಂಡು ಒಲೆಯ ಬೂದಿಯಲ್ಲಿ ಚಿತ್ರ ಬರೆದು ತೋರಿಸಿದಳು. ಮಾಂತ್ರಿಕ ಡಂಬಾಸುರ ರಾಜ್ಯದ ಮಾತನ್ನೆಲ್ಲ ಒಂದು ಒಣ ಸೋರೆಬುರುಡೆಗೆ ಹೀರಿಕೊಂಡಿದ್ದ. ಅವತ್ತೇ ಸೂರ್ಯ ನೆತ್ತಿಗೆ ಬಂದಾಗ ಕಬ್ಬಿಣದ ಬೆಟ್ಟದ ಹಿಂದಿನಿಂದ ಏಳು ಕಡಲಾಚೆ ಹಾರಿಹೋಗುವವನಿದ್ದ. ಹೋದನೆಂದರೆ ಹೊನ್ನಿಯ ದನಿ ಇನ್ನೆಂದಿಗೂ ಇಲ್ಲ.

ಸಣ್ಣೀರನಿಗೆ ಕತ್ತಿ ಹಿಡಿದು ಗೊತ್ತಿಲ್ಲ, ಮಂತ್ರ ಬಾರದು. ದಾರಿಯಲ್ಲಿ ಸಿಕ್ಕವರ ಜೊತೆ ಆಡಿ ಆಡಿ ನುಣುಪಾದ ನಾಲ್ಕು ಮಾತು ಗೊತ್ತಿತ್ತು, ಅಷ್ಟೇ. ಬುತ್ತಿ ಕಟ್ಟಿಕೊಂಡು ಓಡಿದ.

ಮೊದಲು ಬೆಂಕಿ ಉಗುಳುವ ಹುಲಿ ಅಡ್ಡ ಬಂತು. "ನನ್ನ ಗೆಲ್ಲೋ ಮಂತ್ರ ಹೇಳು, ಇಲ್ಲಾಂದ್ರೆ ನುಂಗ್ತೀನಿ!"

"ಅದಿರ್ಲಿ ಹುಲಿಯಣ್ಣ, ಊಟ ಆಯ್ತಾ?"

ಹುಲಿಯ ಬೆಂಕಿ ಪುಸ್ಸಂತ ಆರಿಹೋಯಿತು. "ಮುನ್ನೂರು ವರ್ಷದಿಂದ ಒಬ್ಬರೂ ಕೇಳಿರಲಿಲ್ಲ ಕಣಯ್ಯ," ಅಂತ ಗೊಳೋ ಅಂತ ಅತ್ತು, ಎರಡು ರೊಟ್ಟಿ ತಿಂದು ದಾರಿ ಬಿಟ್ಟಿತು.

ಆಮೇಲೆ ಕಬ್ಬಿಣದ ಬೆಟ್ಟ ಎದುರಾಯಿತು. ರಾಜನ ಸೇನೆ ಸುತ್ತಿಗೆ ಹಿಡಿದು ಬಡಿದರೂ ಅಲ್ಲಾಡದ ಬೆಟ್ಟ.

"ಯಜಮಾನ್ರೇ, ಸ್ವಲ್ಪ ಸರ್ಕೊಳ್ತೀರಾ? ಒಬ್ಬ ತೂರೋಷ್ಟು ಸಾಕು."

"ಹಂಗೆ ಕೇಳು ಮತ್ತೆ! ಬಂದೋರೆಲ್ಲ ಒಡೆಯೋಕೇ ಬರ್ತಾರೆ," ಅಂತ ಗೊಣಗಿ ಬೆಟ್ಟ ಸೊಂಟ ಸರಿಸಿತು.

ಆಚೆ ಡಂಬಾಸುರ ಬುರುಡೆ ತಬ್ಬಿಕೊಂಡು ಹಾರುವ ಮೊರದ ಮೇಲೆ ಕೂತಿದ್ದ. ಸೂರ್ಯ ನೆತ್ತಿಗೆ ಬಂದ, ಮೊರ ಮೊಳದುದ್ದ ಮೇಲೆದ್ದಿತು. ಸಣ್ಣೀರ ಏದುಸಿರು ಬಿಡುತ್ತ ಕೂಗಿದ:

"ಸ್ವಾಮೀ, ಎಲ್ಲಿಗೆ ಹೊರಟ್ರಿ?"

"ಥೂ ನಿನ್ನ! ಹೊರಟೋರನ್ನ ಎಲ್ಲಿಗೆ ಅಂತ ಕೇಳ್ತಾರೇನೋ, ಮುಠ್ಠಾಳ?"

ಮಾಂತ್ರಿಕನಾದರೇನು, ಅವನೂ ಮಿಂಚುಕೋಟೆಯಲ್ಲೇ ಹುಟ್ಟಿದವನು. ಹೊರಟವರನ್ನು ಯಾರಾದರೂ ಹಾಗೆ ಕೇಳಿಬಿಟ್ಟರೆ ಅಲ್ಲಿಯವರು ಹಿಂದಿರುಗಿ, ಕೂತು, ನೀರು ಕುಡಿದೇ ಮತ್ತೆ ಹೊರಡಬೇಕು. ಇಲ್ಲದಿದ್ದರೆ ಹೋದ ಕೆಲಸ ಕೆಡುತ್ತದೆ.

"ತಪ್ಪಾಯ್ತು ಸ್ವಾಮಿ. ಒಂದು ಗುಟುಕು ನೀರು ಕುಡಿದು ಹೊರಡಿ," ಅಂದ ಸಣ್ಣೀರ.

"ನನಗೆ ಗೊತ್ತಿಲ್ವೇನೋ? ನೀನು ಹೇಳಿಕೊಡ್ಬೇಕಾ?" ಡಂಬಾಸುರ ಇಳಿದ, ಬುರುಡೆ ಪಕ್ಕಕ್ಕಿಟ್ಟ, ಕತ್ತು ಮೇಲೆತ್ತಿ ಚೊಂಬಿನಿಂದ ನೀರು ಸುರಿದುಕೊಂಡ. ಸಣ್ಣೀರ ಬುರುಡೆ ಎತ್ತಿ ಬಂಡೆಗೆ ಅಪ್ಪಳಿಸಿದ.

ಜೇನು ಎದ್ದ ಹಾಗೆ ಮಾತು ಎದ್ದಿತು! ಅಜ್ಜಿಯರ ಬೈಗುಳ, ಮಕ್ಕಳ ತೊದಲು, ಸಂತೆಯ ಚೌಕಾಸಿ ಎಲ್ಲ ಒಟ್ಟಿಗೆ ಡಂಬಾಸುರನ ಕಿವಿಗೆ ನುಗ್ಗಿದವು. ಆ ಗದ್ದಲದಲ್ಲಿ ಅವನಿಗೆ ಒಂದು ಮಂತ್ರವೂ ನೆನಪಾಗಲಿಲ್ಲ. ಕುಗ್ಗಿ ಕುಗ್ಗಿ ಗೂಬೆಯಾಗಿ, ಪೊಟರೆ ಹುಡುಕಿಕೊಂಡು ಹಾರಿಹೋದ.

ಸಣ್ಣೀರ ಮನೆಗೆ ಓಡಿ ಬಂದ. ಹೊನ್ನಿ ಹೊಸ್ತಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಮೂರು ತಿಂಗಳು! ಒಂದು ಸುದ್ದಿಯಿಲ್ಲ, ಸಮಾಚಾರವಿಲ್ಲ! ಕಾಲಿಗೇನು ಚಕ್ರ ಕಟ್ಕೊಂಡು ಹುಟ್ಟಿದ್ಯಾ?"

ಸಣ್ಣೀರ ಗೋಡೆಗೆ ಒರಗಿ ಕೂತು, ಕಣ್ಣು ಮುಚ್ಚಿ, ಓಲಗ ಕೇಳುವವನ ಹಾಗೆ ಕೇಳಿದ. ಆಮೇಲೆ, "ಇನ್ನೊಂದ್ಸಲ ಹೇಳೇ," ಅಂದ.

ಹೊನ್ನಿಗೆ ನಗು ತಡೆಯಲಾಗಲಿಲ್ಲ. ಆವತ್ತು ಶುರುವಾದ ಮಾತು ಇನ್ನೂ ಮುಗಿದಿಲ್ಲವಂತೆ. ಅವರೂ ಸುಖವಾಗಿದ್ದಾರೆ, ಮಿಂಚುಕೋಟೆಯೂ ಗಲಗಲ ಅಂತಿದೆ.