ನಿಕಾಸಿಯೊ ಸುತ್ತಿದ ಚುಟ್ಟ

2016ರ ಫೆಬ್ರವರಿ ಒಂಬತ್ತರ ಬೆಳಿಗ್ಗೆ ಕ್ಯೂಬಾದ ಪಿನಾರ್ ದೆಲ್ ರಿಯೊ ಠಾಣೆಗೆ ಒಂದು ದೂರು ಬಂತು. ಅದನ್ನು ಯಾವ ಕಲಮಿನಡಿ ದಾಖಲಿಸಬೇಕೆಂದೇ ಯಾರಿಗೂ ತೋಚಲಿಲ್ಲ. ರೈಲ್ವೆ ಬಡಾವಣೆಯ ಎಂಬತ್ತೇಳರ ಫೇಲಾ ಅಜ್ಜಿ ನೆರೆಯವರ ಕೈಲಿ ಹೇಳಿಕಳಿಸಿದ್ದಳು: ಗಂಡನ ಸಿಗಾರ್ ಕಳುವಾಗಿದೆ, ಅದರ ಜಾಗದಲ್ಲಿ ಯಾವುದೋ ಒಂದನ್ನು ಇಟ್ಟಿದ್ದಾರೆ.

ಇನ್ಸ್‌ಪೆಕ್ಟರ್ ಅರ್ಸೆನಿಯೊ ಬಾಲುಹಾ ಕಾನ್‌ಸ್ಟೇಬಲ್ ಓದಾಲಿಸ್‌ಳನ್ನು ಕರೆದುಕೊಂಡು ನಡೆದೇ ಹೋದ. ಜೀಪಿಗೆ ಪೆಟ್ರೋಲ್ ಇರಲಿಲ್ಲ.

ಅಜ್ಜಿ ಹಾಸಿಗೆ ಬಿಟ್ಟು ಏಳುವ ಸ್ಥಿತಿಯಲ್ಲಿರಲಿಲ್ಲ. ಗಂಡ ನಿಕಾಸಿಯೊ ಕಾರ್ಖಾನೆಯಲ್ಲಿ ಸಿಗಾರ್ ಸುತ್ತುತ್ತಿದ್ದವನು, 1957ರಲ್ಲಿ ತೀರಿಕೊಂಡ. ಅವನು ಕೊನೆಯದಾಗಿ ಮನೆಗೆ ತಂದ ಸಿಗಾರನ್ನು ಅವಳು ತಾಳೆಯ ಹಾಳೆಯಲ್ಲಿ ಸುತ್ತಿ, ದಾರ ಕಟ್ಟಿ ಇಟ್ಟಿದ್ದಳು. ತಾನು ಸಾಯುವ ಮುಂಚೆ ಅದರ ಹೊಗೆಯನ್ನು ಯಾರಾದರೂ ತನ್ನ ಮುಖದ ಮೇಲೆ ಊದಬೇಕು, ಅಷ್ಟೇ ಅವಳ ಆಸೆ. ಮೊನ್ನೆ ಕಟ್ಟು ಬಿಚ್ಚಿಸಿದಾಗ ಒಳಗಿದ್ದದ್ದು ಅವನದ್ದಲ್ಲ.

"ಅವನದ್ದಲ್ಲ ಅಂತ ಹೇಗೆ ಹೇಳ್ತೀರಿ ಅಜ್ಜಿ?"

"ನನ್ನ ಗಂಡ ಕಳ್ಳ ಅಲ್ಲ, ತಮ್ಮ."

"ಅದಲ್ಲ ಕೇಳಿದ್ದು."

"ನಾನು ಹೇಳಿದ್ದು ಅದೇ."

ಒಬ್ಬನೇ ಮಗ ಎವೇಲಿಯೊ, ನಿವೃತ್ತ ಬಸ್ ಚಾಲಕ, ಬಾಗಿಲ ಹೊರಗೆ ಇನ್ಸ್‌ಪೆಕ್ಟರನ ತೋಳು ಹಿಡಿದ. "ಅಮ್ಮಂಗೆ ಬುದ್ಧಿ ಸ್ಥಿಮಿತ ಇಲ್ಲ ಸಾಹೇಬ್ರೇ. ನಾಡಿದ್ದು ಡಾಕ್ಟರ್ ಬಂದು ಬರೆದುಕೊಡ್ತಾರೆ. ನೀವ್ಯಾಕೆ ಸುಮ್ನೆ ಕಾಲು ಸವೆಸ್ತೀರಿ?"

ಎವೇಲಿಯೊ ಇದನ್ನು ಹೇಳಿಕೆಯಾಗಿ ಬರೆಸಿ ಸಹಿಯನ್ನೂ ಹಾಕಿದ. ಎಫ್‌ಐಆರ್ ಬರೆಯುವಾಗ ಓದಾಲಿಸ್ ಗಂಡ ಕಳ್ಳ ಅಲ್ಲ ಎಂಬ ಅಜ್ಜಿಯ ಮಾತನ್ನು ಬಡಬಡಿಕೆ ಎಂದು ಬಿಟ್ಟುಬಿಟ್ಟಳು. ಬಾಲುಹಾ ಓದಿ ಸರಿಯೆಂದು ತಲೆಯಾಡಿಸಿದ.

ಸಿಗಾರ್ ಮಾತ್ರ ಭರ್ಜರಿಯಾಗಿತ್ತು. ನುಣ್ಣಗೆ ದುಂಡಾದ ತಲೆ, ನಡುವಿಗೆ ಕೆಂಪು–ಬಂಗಾರ ಬಣ್ಣದ ಕಾಗದದ ಪಟ್ಟಿ. ಅದನ್ನು ಹವಾನಾದ ಇಬ್ಬರು ತಜ್ಞರಿಗೆ ತೋರಿಸಿದರು. ಮೊದಲನೆಯವನು ಪಟ್ಟಿಯ ಅಚ್ಚು ನೋಡಿ ಐವತ್ತರ ದಶಕದ್ದೇ ಎಂದು ಬರೆದ. ಎರಡನೆಯವನು ಎಲೆ ನೋಡಿ ಹತ್ತು ವರ್ಷದ್ದೂ ಇರಬಹುದು, ಅರವತ್ತು ವರ್ಷದ್ದೂ ಇರಬಹುದು, ಹಚ್ಚಿ ಸೇದಿದರೆ ಹೇಳುತ್ತೇನೆ ಎಂದ. ಸೇದಿದರೆ ಸಾಕ್ಷ್ಯ ಬೂದಿಯಾಗುತ್ತದೆ. ಇಂಥ ಜಾಣರಿಗೆ ಸಂಬಳ ಕೊಡುವವರ ತಲೆಗೆ ಏನಾಗಿದೆಯೋ. ಮೇಲಧಿಕಾರಿ ದಿನಾ ಫೋನ್ ಮಾಡಿ, "ಸಿಗಾರ್ ಸಾಹೇಬ್ರು ಏನ್ ಮಾಡ್ತಿದ್ದಾರೆ?" ಎಂದು ನಗುತ್ತಿದ್ದ. ಅಷ್ಟರಲ್ಲಿ ಡಾಕ್ಟರ್ ಬಂದು ಅಜ್ಜಿಗೆ ಅರಳುಮರಳು ಎಂದು ಬರೆದುಕೊಟ್ಟಾಗಿತ್ತು.

ಫೈಲು ಮುಚ್ಚುವುದೆಂದು ತೀರ್ಮಾನಿಸಿ, ಹೇಳಿ ಬರೋಣವೆಂದು ಬಾಲುಹಾ ಮತ್ತೆ ಆ ಮನೆಗೆ ಹೋದ. ಅಜ್ಜಿ ಇನ್ನೂ ಇಳಿದುಹೋಗಿದ್ದಳು.

"ನೀನೂ ನಿಕಾಸಿಯೊನನ್ನ ಕಳ್ಳ ಅಂತಲೇ ಬರೆದ್ಯಾ?"

"ಯಾರೂ ಹಾಗೆ ಬರೆದಿಲ್ಲ ಅಜ್ಜಿ." ಅವನ ತಾಳ್ಮೆ ಮುಗಿದಿತ್ತು.

"ಆ ಪಟ್ಟಿ ನಿಜ ಅಂದ್ರೆ ಅವನು ಕಳ್ಳ ಅಂತಾನೇ ಆಯ್ತಲ್ಲ. ನೀನು ಯಾರ ಮಗ?"

"ಸಿಗಾರ್ ಸುತ್ತೋರ ಮಗಾನೇ."

"ನಿಮ್ಮಪ್ಪ ಸಂಜೆ ಎಂಥದ್ದು ಸೇದ್ತಿದ್ದ?"

ಬಾಲುಹಾನಿಗೆ ಅಪ್ಪನ ಸಿಗಾರ್ ನೆನಪಾಯಿತು. ಸುತ್ತುವವರಿಗೆ ದಿನಾ ಸೇದಲು ಕೊಡುವ ಸಿಗಾರಿಗೆ ತಲೆ ದುಂಡಾಗಿಸುವ ಗೋಜಿಲ್ಲ, ತುದಿಯನ್ನು ಪುಟ್ಟ ಜಡೆಯ ಹಾಗೆ ತಿರುಚಿ ಬಿಡುತ್ತಾರೆ. ಪಟ್ಟಿ ಬೀಳುವುದು ಮಾರುವ ಸರಕಿಗೆ. ಪಟ್ಟಿಯದ್ದು ಜೇಬಿನಲ್ಲಿ ಸಿಕ್ಕರೆ ಕಳ್ಳತನವೆಂದು ಅಂದೇ ಕೆಲಸ ಹೋಗುತ್ತಿತ್ತು. ಅಪ್ಪನ ಬಾಯಲ್ಲಿ ಜಡೆ ಸಿಗಾರ್ ನೋಡುತ್ತ ಬೆಳೆದ ತಾನು ಇಷ್ಟು ದಿನ ಆ ಪಟ್ಟಿಯನ್ನೇ ನೋಡುತ್ತ ಕೂತಿದ್ದೆನಲ್ಲ ಎಂದು ಅವನಿಗೆ ತನ್ನ ಮೇಲೇ ರೇಗಿತು.

ಹೊರಗೆ ಬಂದು ಓದಾಲಿಸ್‌ಗೆ ಹೇಳಿದ: "ಇದನ್ನ ಇಟ್ಟೋನು ಸುತ್ತೋರ ಮನೇಲಿ ಬೆಳೆದೋನಲ್ಲ. ಅವರು ಸಂಜೆ ಮನೆಗೆ ಏನು ತರ್ತಾರೆ ಅಂತ ನೋಡಿದ್ದಿದ್ರೆ ಪಟ್ಟಿ ಹಾಕ್ತಿರಲಿಲ್ಲ."

"ಆದ್ರೆ ಆ ಕಟ್ಟು ಎಲ್ಲಿದೆ ಅಂತ ಗೊತ್ತಿದ್ದೋರು ಮನೆಯೋರು ಮಾತ್ರ, ಸರ್."

"ಅಪ್ಪ ಸತ್ತಾಗ ಎವೇಲಿಯೊಗೆ ಎಷ್ಟು ವರ್ಷ?"

"ನಾಲ್ಕು. ಆಮೇಲೆ ಅಜ್ಜಿ ಸುತ್ತೋರ ಬೀದಿ ಬಿಟ್ಟು ಇಲ್ಲಿಗೆ ಬಂದ್ರಂತೆ."

ಮಧ್ಯಾಹ್ನ ಇಬ್ಬರು ನೆರೆಯವರನ್ನು ಪಂಚರನ್ನಾಗಿ ಕರೆದು ಎವೇಲಿಯೊನ ಕೋಣೆ ಶೋಧಿಸಿದರು. ಹಳೆಯ ಕಾಫಿ ಡಬ್ಬಿಯಲ್ಲಿ ಅರ್ಧ ಸೇದಿ ಆರಿಸಿದ ಸಿಗಾರ್ ಸಿಕ್ಕಿತು. ಪಕ್ಕದಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಣಗಿದ ಪುಟ್ಟ ಜಡೆ.

"ಯಾವಾಗ ತೆಗೆದೆ?"

"ಹೋದ ವರ್ಷ. ಬರೀ ಮೂಸೋಣ ಅಂತ ಬಿಚ್ಚಿದ್ದು."

"ಆ ಪಟ್ಟಿ?"

"ಪರಿಚಯದೋನೊಬ್ಬ ಹಳೇ ಪಟ್ಟಿ ಕೂಡಿಡ್ತಾನೆ. ಅಪ್ಪಂದು ಅಂದ್ಮೇಲೆ ಚೆನ್ನಾಗಿರ್ಲಿ ಅಂತ ಹಾಕ್ದೆ."

"ಪೂರ್ತಿ ಯಾಕೆ ಸೇದಲಿಲ್ಲ?"

"ನಂಗೆ ಅಪ್ಪನ ಮುಖ ನೆನಪಿಲ್ಲ ಸಾಹೇಬ್ರೇ. ಎಲ್ರೂ ಅಪ್ಪ ಅಂದ್ರೆ ಚುಟ್ಟದ ವಾಸನೆ ಅಂತಾರೆ. ಅಮ್ಮ ಅದನ್ನ ತನಗೊಬ್ಬಳಿಗೇ ಅಂತ ಕಟ್ಟಿಟ್ಟಿದ್ಳು. ಪೂರ್ತಿ ಮುಗಿಸಿಬಿಟ್ರೆ ಅಪ್ಪ ಮತ್ತೆ ಎಲ್ಲಿ ಸಿಗ್ತಾನೆ?"

ಅವನನ್ನು ದಸ್ತಗಿರಿ ಮಾಡಿ ತಾಯಿಯ ಎದುರಿಗೆ ನಿಲ್ಲಿಸಿದರು. "ದೂರು ವಾಪಸ್ ತಗೊಳ್ತೀರಾ ಅಜ್ಜಿ?" ಎಂದು ಬಾಲುಹಾ ಕೇಳಿದ. ತಗೊಂಡಿದ್ದರೆ ಅವನಿಗೂ ನೆಮ್ಮದಿಯಾಗುತ್ತಿತ್ತು.

"ಇಲ್ಲ. ಕೇಳಿದ್ರೆ ನಾನೇ ಕೊಡ್ತಿದ್ದೆ. ಸೇದಿದ್ದಕ್ಕಲ್ಲ ತಮ್ಮ, ನಾನು ಹುಚ್ಚಿ ಅಂತ ಬರೆಸಿದ್ನಲ್ಲ, ಅದಕ್ಕೆ."

ಜಪ್ತಿ ಮಾಡಿದ ವಸ್ತುವನ್ನು ಅಲ್ಲೇ ಸೀಲು ಮಾಡಬೇಕು. ಓದಾಲಿಸ್ ಅರಗು ತೆಗೆದಳು. ಬಾಲುಹಾ ಅವಳ ಕೈ ತಡೆದು ಬೆಂಕಿಪೊಟ್ಟಣ ಕೇಳಿದ. ಪಂಚರಿಬ್ಬರೂ ಕಿಟಕಿಯ ಕಡೆ ತಿರುಗಿಕೊಂಡರು.

ಎವೇಲಿಯೊ ತುಂಡನ್ನು ಹಚ್ಚಿ, ಅಮ್ಮನ ಮುಖದ ಮೇಲೆ ಮೆಲ್ಲಗೆ ಹೊಗೆ ಬಿಟ್ಟ. ಇನ್ನೊಮ್ಮೆ ಬಿಟ್ಟ. ಅಜ್ಜಿ ಕಣ್ಣು ಮುಚ್ಚಿದಳು.

"ಇದೇ," ಎಂದಳು. "ಇದೇ ಕಣೋ ನಿಮ್ಮಪ್ಪ."

ಎವೇಲಿಯೊ ಮಗುವಿನ ಹಾಗೆ ಅತ್ತ. ಅವಳು ಕಣ್ಣು ತೆರೆಯದೆಯೇ ಅವನ ತಲೆ ಸವರಿದಳು. ಹೊಗೆ ಪೂರ್ತಿ ಕರಗಿದ ಮೇಲೆ ಬಾಲುಹಾನಿಗೆ ಹೇಳಿದಳು: "ಆಯ್ತು, ಇನ್ನು ಕರ್ಕೊಂಡು ಹೋಗು. ಆ ಗೂಟದಲ್ಲಿ ಅವನ ಸ್ವೆಟರ್ ಇದೆ, ತಗೋ. ಠಾಣೇಲಿ ಚಳಿ ಇರುತ್ತೆ."

ಪಂಚನಾಮೆಯನ್ನು ಆಮೇಲೆ ಬರೆದರು. ಡಬ್ಬಿಯಲ್ಲಿ ಸಿಕ್ಕ ತುಂಡಿನ ಉದ್ದ ಎರಡು ಬೆರಳು ಎಂದು ಓದಾಲಿಸ್ ನಮೂದಿಸಿದಳು, ಪಂಚರು ಸಹಿ ಹಾಕಿದರು.