ಕಾಣೆಯಾದ ಕಠಿಣ ಪದಗಳು

ಮೇಜಿನ ಮೇಲಿದ್ದ ಲಕೋಟೆ ಇಲ್ಲ!

ಮೂಡಿಗೆರೆಯ ಆ ಇಂಗ್ಲಿಷ್ ತರಬೇತಿ ಕೋಣೆಯಲ್ಲಿ ವಿಶ್ವನಾಥ್ ಮೇಷ್ಟ್ರು ಇದ್ದಬದ್ದ ಕಡೆಯೆಲ್ಲ ತಡಕಾಡಿದರು. ಮಧ್ಯಾಹ್ನದ ಪದಸ್ಪರ್ಧೆಗೆ ಅವರೇ ಆರಿಸಿದ ಕಠಿಣ ಇಂಗ್ಲಿಷ್ ಪದಗಳ ಚೀಟಿಗಳು ಅದರಲ್ಲಿದ್ದವು. ಅರ್ಥ ಹೇಳಿ ಗೆದ್ದವರಿಗೆ ನರ್ಸಿಂಗ್ ಓದಲು ಟ್ರಸ್ಟೊಂದರಿಂದ ಉಚಿತ ಸೀಟು. ಎಲ್ಲರೂ ಟೀ ಕುಡಿದು ಬರುವಷ್ಟರಲ್ಲಿ ಲಕೋಟೆ ಮಾಯವಾಗಿತ್ತು.

"ಯಾರೂ ಹೊರಗೆ ಹೋಗ್ಬೇಡಿ. ಚೀಲ ನೋಡ್ಬೇಕು—"

ಮಾತು ಮುಗಿಯುವ ಮೊದಲೇ ಸ್ಪರ್ಧೆಗೆ ಬಂದಿದ್ದ ರೇವತಿ ತನ್ನ ಬಟ್ಟೆಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿ ಒದರಿದಳು. ಬುತ್ತಿ ಡಬ್ಬಿ, ನೀರಿನ ಬಾಟಲಿ, ಡಿಕ್ಷನರಿ, ಬಾಚಣಿಗೆ ಎಲ್ಲ ಒಟ್ಟಿಗೆ ಬಿದ್ದವು. ಜೊತೆಗೆ ಆ ಲಕೋಟೆಯೂ ಬಿತ್ತು.

ರೇವತಿ ಲಕೋಟೆಯನ್ನೇ ನೋಡಿದಳು. ತಾನು ಅದನ್ನು ಮುಟ್ಟಿಯೇ ಇಲ್ಲ!

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ! ಹೇಳೋಕೆ ಮುಂಚೆ ಸುರಿದ್ಲು ನೋಡಿ," ಎಂದರು ಮೇಷ್ಟ್ರು. ಕೋಪ ಬಂದರೆ ಅವರಿಗೆ ಹಿಂದುಮುಂದು ಕಾಣುತ್ತಿರಲಿಲ್ಲ. ಜಗುಲಿಗೆ ಹೋಗಿ, ಮಗಳ ಸ್ಪರ್ಧೆ ನೋಡಲು ಬಾಳೂರಿನಿಂದ ಬಂದು ಕೂತಿದ್ದ ಗಿಡ್ಡಮ್ಮನಿಗೂ ಹೇಳಿಯೇಬಿಟ್ಟರು. ಗಿಡ್ಡಮ್ಮ ಎದ್ದು ನಿಂತು ಕೈ ಮುಗಿದಳು. "ತಪ್ಪಾಯ್ತು ಸಾರ್, ಹೊಟ್ಟೆಗೆ ಹಾಕ್ಕೊಳ್ಳಿ."

ಬಾಗಿಲಿನಿಂದ ಅದನ್ನು ನೋಡಿದ ರೇವತಿಗೆ ಸೀಟು ಹೋದದ್ದಕ್ಕಿಂತ ಹೆಚ್ಚು ನೋವಾಯಿತು. ರಜೆಯಲ್ಲಿ ಅವ್ವನ ಜೊತೆ ಕಾಫಿ ಕುಯ್ಯಲು ಹೋದಾಗ ಗಿಡಕ್ಕೊಂದು ಪದದಂತೆ ಬಾಯಿಪಾಠ ಮಾಡಿದವಳು ಅವಳು. ಟೆನೇಷಿಯಸ್, ಅಂದರೆ ಹಿಡಿದ ಪಟ್ಟು ಬಿಡದವಳು. ಕ್ಯಾಂಡಿಡ್, ಅಂದರೆ ಮುಚ್ಚುಮರೆ ಇಲ್ಲದ ಮಾತು.

ಅಷ್ಟರಲ್ಲಿ ತೀರ್ಪುಗಾರರಾಗಿ ಬರಬೇಕಿದ್ದ ಶಾಂತಕುಮಾರಿ ಬಂದರು. ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರ್. ವಿಷಯ ಕೇಳಿ ಕುರ್ಚಿ ಎಳೆದು ಕೂತರು.

"ಟೀ ಹೊತ್ತಲ್ಲಿ ಈ ಕೋಣೆಗೆ ಬಂದೋರು ಯಾರು?"

ಇಬ್ಬರು. ಮೇಷ್ಟ್ರ ಸಹಾಯಕ ಶಶಿಕಿರಣ್ ಮತ್ತು ರೇವತಿಯ ಗೆಳತಿ, ಸ್ಪರ್ಧೆಗೂ ನಿಂತಿದ್ದ ಸೌಮ್ಯ. ರೇವತಿ ಜಗುಲಿಯಲ್ಲಿ ಅವ್ವನ ಪಕ್ಕದಲ್ಲಿದ್ದಳು. ಚೀಲ ಮಾತ್ರ ಒಳಗಿತ್ತು.

"ನೀವೇನು ಮಾಡ್ತಿದ್ರಿ?" ಎಂದು ಶಶಿಕಿರಣ್‌ನನ್ನು ಕೇಳಿದರು.

"ಬೋರ್ಡ್ ಒರೆಸ್ತಿದ್ದೆ ಮೇಡಂ. ಫೋನ್ ಬಂತು, ಹಿಂದಿನ ಬಾಗ್ಲಿಂದ ಹೊರಗೆ ಹೋದೆ."

"ಲಕೋಟೆ ಎಲ್ಲಿ ಸಿಕ್ತು?"

"ಚೀಲ ಸುರಿದಾಗ ಸಾಮಾನಿನ ರಾಶೀಲಿ ಕಾಣ್ತು."

"ನೀನು ಹೇಳಮ್ಮ, ಸೌಮ್ಯ."

"ಸ್ವೆಟರ್ ತಗೊಳ್ಳೋಕೆ ಬಂದೆ, ಅಷ್ಟೇ. ಅವಳಿಗೆ ಡಿಕ್ಷನರಿ ಕೊಟ್ಟಿದ್ದೇ ನಾನು ಮೇಡಂ. ಬುತ್ತಿ ಡಬ್ಬಿ ಅಡೀಲಿ ಲಕೋಟೆ ಬಚ್ಚಿಟ್ಕೊಂಡು ಏನೂ ಗೊತ್ತಿಲ್ಲದ ಹಾಗೆ ಕೂತಿದ್ಲು ಅಂದ್ರೆ ನಂಗೇ ನಂಬೋಕಾಗ್ತಿಲ್ಲ."

ಶಾಂತಕುಮಾರಿ ರೇವತಿಯತ್ತ ತಿರುಗಿದರು.

"ಸರ್ ಹೇಳೋ ಮುಂಚೆ ಚೀಲ ಯಾಕೆ ಸುರಿದೆ?"

"ಅಭ್ಯಾಸ ಮೇಡಂ. ಎಸ್ಟೇಟ್ ಗೇಟಲ್ಲಿ ಸಂಜೆ ಎಲ್ರೂ ಸುರೀಬೇಕು. ಕಾಫಿ ಹಣ್ಣು ಕದ್ದಿದ್ದಾರೇನೋ ಅಂತ. ಚೀಲದ ಬಾಯಿ ಅಗಲಿಸಿ ತೋರ್ಸಿದ್ರೆ ವಾಚರ್ ಒಪ್ಪಲ್ಲ. ಚೀಲ ಅಂದ ತಕ್ಷಣ ಕೈ ತಾನಾಗೇ ಹೋಗತ್ತೆ."

ಶಾಂತಕುಮಾರಿ ಮೇಷ್ಟ್ರನ್ನು ನೋಡಿದರು.

"ಒಳಗೆ ಕದ್ದ ಮಾಲು ಇದೆ ಅಂತ ಗೊತ್ತಿದ್ದೋಳು ಎಲ್ಲರ ಎದುರು ಹೀಗೆ ಸುರೀತಾಳಾ? ಅದಿರ್ಲಿ, ಇನ್ನೊಂದು ಹೇಳಿ. ಸುರಿದ ಮೇಲೆ, ಚೀಲದೊಳಗೆ ಯಾವುದರ ಅಡಿಯಲ್ಲಿ ಯಾವುದಿತ್ತು ಅಂತ ನಿಮಗೆ ಕಂಡಿತ್ತಾ?"

"ಇಲ್ಲ... ಎಲ್ಲ ಒಂದೇ ಸಲ ಬಿತ್ತು."

"ಯಾರಿಗೂ ಕಾಣಲಿಲ್ಲ. ಶಶಿಕಿರಣ್ ಕಂಡಿದ್ದೂ ರಾಶಿಯನ್ನೇ. ಹಾಗಿದ್ರೆ ಬುತ್ತಿ ಡಬ್ಬಿಯ ಅಡಿಯಲ್ಲಿತ್ತು ಅಂತ ಹೇಗೆ ಗೊತ್ತಾಯ್ತು—ಸೌಮ್ಯ? ಇಟ್ಟವರಿಗೆ ಮಾತ್ರ ಗೊತ್ತಿರೋ ಜಾಗ ಅದು."

ಸೌಮ್ಯ ಅಳತೊಡಗಿದಳು.

"ಮೊದಲ್ನೇ ಪದ ಅವಳಿಗೆ ಕಲಿಸಿದ್ದೇ ನಾನು. ಈಗ ನಂಗೆ ಗೊತ್ತಿಲ್ಲದ್ದೆಲ್ಲ ಅವಳಿಗೆ ಗೊತ್ತು. ಅವಳ ಮುಂದೆ ಸೋಲೋಕೆ ಆಗ್ಲಿಲ್ಲ ಮೇಡಂ."

ರೇವತಿಗೆ ಸಿಟ್ಟು ಬರಲಿಲ್ಲ. ದುಃಖ ಮಾತ್ರ ಬಂತು. ಹುಳಿಗಾಯಿ ಹಂಚಿಕೊಂಡು ತಿಂದ ಗೆಳತಿ!

ಮೇಷ್ಟ್ರು ತಲೆ ತಗ್ಗಿಸಿದರು. "ಬೇರೆ ಪದ ಆರಿಸ್ತೀನಿ. ಸ್ಪರ್ಧೆ ನಡೆಯತ್ತೆ. ಸೌಮ್ಯ ಅದರಲ್ಲಿ ಇರಲ್ಲ. ರೇವತಿ, ಐ ಆ್ಯಮ್ ಎಕ್ಸ್‌ಟ್ರೀಮ್ಲಿ ಸಾರಿ."

"ನಂಗಲ್ಲ ಸರ್," ಎಂದಳು ರೇವತಿ. "ಅವ್ವನಿಗೆ ಹೇಳಿ. ಅವ್ಳಿಗೆ ಅರ್ಥ ಆಗೋ ಹಾಗೆ ಹೇಳಿ."

ಮೇಷ್ಟ್ರು ಜಗುಲಿಗೆ ಹೋದರು. ದಿನಕ್ಕೊಂದು ಹೊಸ ಪದ ಕಲಿಸುವ ಮನುಷ್ಯ ಒಂದು ಸಾದಾ ಮಾತಿಗೆ ತಡವರಿಸಿದರು.

"ತಪ್ಪು ನಂದೇ ಗಿಡ್ಡಮ್ಮ. ನಿಮ್ಮ ಮಗಳು ಕದ್ದಿಲ್ಲ. ಕ್ಷಮಿಸ್ಬೇಕು."

ಗಿಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಕದ್ದಿಲ್ಲ ಅಂತ ನಂಗೆ ಆಗ್ಲೇ ಗೊತ್ತಿತ್ತು ಸಾರ್," ಎಂದಳು. "ನೀವು ದೊಡ್ಡೋರು ಹೇಳಿದ್ರಲ್ಲ, ಅದ್ಕೆ ಕೈ ಮುಗ್ದೆ."